ವೇಗವರ್ಧಕವು ತಟಸ್ಥವೆ?

ರಸಾಯನಶಾಸ್ತ್ರವನ್ನು ಶಾಲೆ ಬಿಟ್ಟ ಮೇಲೆ ಮತ್ತೆಂದೂ ಮುಟ್ಟದವರಲ್ಲಿಯೂ ಆ ಶಾಸ್ತ್ರದ ಒಂದೆರಡು ವಾಕ್ಯಗಳು ಬಾಯಿಪಾಠವಾಗಿ ಉಳಿದುಕೊಂಡಿರುವುದುಂಟು. ಅಂಥವುಗಳಲ್ಲಿ ಒಂದು ಹೀಗಿದೆ: ವೇಗವರ್ಧಕವೆಂದರೆ ತಾನು ಕ್ರಿಯೆಯಲ್ಲಿ ಭಾಗವಹಿಸದೆ, ತಾನು ಯಾವ ಮಾರ್ಪಾಟಿಗೂ ಒಳಗಾಗದೆ, ಕ್ರಿಯೆಯ ವೇಗವನ್ನು ಮಾತ್ರ ಹೆಚ್ಚಿಸುವ ವಸ್ತು. ಪರೀಕ್ಷೆಯಲ್ಲಿ ಅಂಕ ತಂದುಕೊಡುವ ಈ ವಾಕ್ಯವು ಪರೀಕ್ಷಾ ಕೊಠಡಿಯಿಂದ ಹೊರಬಿದ್ದು ಸಭಾವೇದಿಕೆಯನ್ನೂ ಏರಿದೆ. ಚನ್ನಗಿರಿಯ ಕಡೆಯಾಗಲಿ ಹೊನ್ನಾಳಿಯ ಕಡೆಯಾಗಲಿ, ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳು ಗುರುವು ಶಿಷ್ಯನ ಪಾಲಿಗೆ ವೇಗವರ್ಧಕವಿದ್ದಂತೆ ಎಂದು ಹೊಗಳುವಾಗ, ಸಹಕಾರ ಸಂಘದ ಸಭೆಯ ಭಾಷಣಕಾರರು ಸರ್ಕಾರವು ಅಭಿವೃದ್ಧಿಗೆ ವೇಗವರ್ಧಕವಾಗಬೇಕೇ ಹೊರತು ಪಾಲುಗಾರನಾಗಬಾರದು ಎಂದು ಬುದ್ಧಿ ಹೇಳುವಾಗ, ಅವರ ಮನಸ್ಸಿನಲ್ಲಿರುವುದು ಈ ತಟಸ್ಥ ಸಾಕ್ಷಿಯ ಚಿತ್ರವೆ. ರೂಪಕ ಕಟ್ಟುವವರ ಸ್ವಾತಂತ್ರ್ಯಕ್ಕೆ ಅಡ್ಡಬರುವ ಇಚ್ಛೆ ನನಗಿಲ್ಲ. ಆದರೆ ರೂಪಕಕ್ಕೆ ಆಧಾರವಾದ ವಾಕ್ಯವೇ ಅರ್ಧ ಸತ್ಯ, ಅರ್ಧ ಭ್ರಮೆಯಾಗಿದ್ದು, ಆ ಎರಡನ್ನೂ ಬೇರ್ಪಡಿಸಲಾಗದಂತೆ ಒಂದೇ ಉಸಿರಿನಲ್ಲಿ ಹೇಳುತ್ತಿರುವಾಗ, ಅದನ್ನು ಬಿಡಿಸಿ ನೋಡುವುದು ಅಪರಾಧವಾಗಲಾರದು. ಬಿಡಿಸಿ ನೋಡುವುದಕ್ಕೆ ಮೆಟಥೆಸಿಸ್ ಎಂಬ ಕ್ರಿಯೆಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಇಂಗಾಲದ ಎರಡು ಪರಮಾಣುಗಳ ನಡುವಣ ದ್ವಿಬಂಧವು ಇಬ್ಭಾಗವಾಗಿ, ಒಂದು ಅಣುವಿನ ಅರ್ಧವು ಮತ್ತೊಂದು ಅಣುವಿನ ಅರ್ಧದೊಡನೆ ಹೊಸದಾಗಿ ಕೂಡಿಕೊಳ್ಳುವ ಈ ಕ್ರಿಯೆಯ ಸಂಶೋಧನೆಗಾಗಿ ಇವ್ ಶೋವ್ಯಾಂ, ರಾಬರ್ಟ್ ಗ್ರಬ್ಸ್, ರಿಚರ್ಡ್ ಶ್ರಾಕ್ ಎಂಬ ಮೂವರಿಗೆ 2005ರ ನೊಬೆಲ್ ಪಾರಿತೋಷಕ ಸಂದಿತು.

ಇಂಥ ವಿಷಯಕ್ಕೂ ದಾವಣಗೆರೆ ಜಿಲ್ಲೆಯ ಹೊಲಗಳಿಗೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರ ಮೆಕ್ಕೆಜೋಳದ ಸುಳಿಯೊಳಗೇ ಇದೆ. ಅಮೆರಿಕ ಖಂಡದಿಂದ ಆಫ್ರಿಕಕ್ಕೆ ಹಾಯ್ದು ಬಂದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದು 2018ರ ಮೇ ತಿಂಗಳಿನಲ್ಲಿ, ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ತಾಕುಗಳಲ್ಲಿ; ಅಲ್ಲಿಂದ ನ್ಯಾಮತಿ ಹೊನ್ನಾಳಿಗಳಿಗೆ ದೂರವೆಷ್ಟು? ಮಳೆಯನ್ನೇ ನಂಬಿ ಮೆಕ್ಕೆಜೋಳ ಬಿತ್ತುವ ಜಗಳೂರಿನ ಬೆದ್ದಲು ಭೂಮಿಯವರಿಗೂ, ಅಡಕೆ ತೋಟದ ಅಂಚಿನಲ್ಲಿ ಜೋಳದ ಹೊಲವನ್ನುಳಿಸಿಕೊಂಡ ಚನ್ನಗಿರಿಯವರಿಗೂ ಅಂದಿನಿಂದ ಸುಳಿಯನ್ನು ಬಿಡಿಸಿ ಹಿಕ್ಕೆಯನ್ನು ಹುಡುಕುವುದು ಮುಂಗಾರಿನ ಕೆಲಸಗಳಲ್ಲೊಂದಾಗಿದೆ. ಹುಳು ಸುಳಿಯ ಆಳಕ್ಕೆ ಇಳಿದ ಮೇಲೆ ಹೊಡೆದ ಔಷಧಿ ಅದಕ್ಕೆ ತಾಗುವುದೇ ದುರ್ಲಭ; ಆದುದರಿಂದ ಪತಂಗ ಹಾರಾಡುವ ಕಾಲವನ್ನು ಮೊದಲೇ ತಿಳಿಯುವುದಕ್ಕಾಗಿ ಎಕರೆಗೆ 5ರಂತೆ ಮೋಹಕ ಬಲೆಗಳನ್ನು ನೆಡಬೇಕೆಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ಆಲಿಕೆ, ಅದರ ಕೆಳಗೆ ಜೋತುಬಿದ್ದ ಉದ್ದನೆಯ ಚೀಲ, ಮುಚ್ಚಳದಡಿಯಲ್ಲಿ ಬೆರಳ ತುದಿಯಷ್ಟು ಗಾತ್ರದ ರಬ್ಬರಿನ ಬಿರಡೆ: ಆ ಬಿರಡೆಯಲ್ಲಿ ಇಂಗಿಸಿರುವ ಕೆಲವೇ ಮಿಲಿಗ್ರಾಂ ದ್ರವ್ಯವು ಹೆಣ್ಣು ಪತಂಗದ ಗಂಧವನ್ನು ಅನುಕರಿಸಿ ಗಂಡುಗಳನ್ನು ಬರಮಾಡಿಕೊಳ್ಳುತ್ತದೆ. 1986ರಲ್ಲಿ ಅಮೆರಿಕದ ಟಮ್ಲಿನ್‌ಸನ್ ಮತ್ತು ಸಂಗಡಿಗರು ತೋರಿಸಿದಂತೆ, ಈ ಗಂಧದಲ್ಲಿ ಸಿಸ್-9-ಟೆಟ್ರಾಡೆಸಿನೈಲ್ ಅಸಿಟೇಟ್ ಎಂಬುದು ಪ್ರಧಾನ ಘಟಕ. ಆದರೆ ಅದೊಂದರಿಂದಲೇ ಪತಂಗ ಬಾರದು, ಅತ್ಯಲ್ಪ ಪ್ರಮಾಣದ ಸಿಸ್-7-ಡೋಡೆಸಿನೈಲ್ ಅಸಿಟೇಟ್ ಕೂಡ ಬೇಕು. ಹೆಸರುಗಳ ಭಾರಕ್ಕೆ ಓದುಗರು ಅಂಜಬೇಕಾಗಿಲ್ಲ. ಒಂದರಲ್ಲಿ ಹದಿನಾಲ್ಕು ಇಂಗಾಲಗಳ ಸರಪಳಿ, ಇನ್ನೊಂದರಲ್ಲಿ ಹನ್ನೆರಡರದು. ಎರಡರಲ್ಲಿಯೂ ಒಂದೊಂದು ದ್ವಿಬಂಧ. ಸರಪಳಿಯ ಎರಡು ತೋಳುಗಳು ಆ ದ್ವಿಬಂಧದ ಒಂದೇ ಮಗ್ಗುಲಿಗೆ ಚಾಚಿದ್ದರೆ ಸಿಸ್, ಎದುರುಬದುರು ಮಗ್ಗುಲುಗಳಿಗೆ ಚಾಚಿದ್ದರೆ ಟ್ರಾನ್ಸ್. ನೆನಪಿಡಬೇಕಾದದ್ದು ಇಷ್ಟೆ.

ಈಗ ಪ್ರಚಲಿತ ನಂಬಿಕೆಯನ್ನು ಅದರ ಅತ್ಯುತ್ತಮ ರೂಪದಲ್ಲಿಯೇ ಮುಂದಿಡುವುದು ನ್ಯಾಯ. 1835ರಲ್ಲಿ ಸ್ವೀಡನ್ನಿನ ಬರ್ಸೀಲಿಯಸ್ ಈ ವಿದ್ಯಮಾನಕ್ಕೆ ನಾಮಕರಣ ಮಾಡಿದಾಗ ಅದೊಂದು ನಿಗೂಢ ಶಕ್ತಿಯೆಂಬ ಭಾವನೆಯಿತ್ತು. ಆ ನಿಗೂಢತೆಯನ್ನು ಕಳೆದು ಲೆಕ್ಕದ ಭಾಷೆಗೆ ತಂದವನು ಜರ್ಮನಿಯ ಆಸ್ಟ್‌ವಾಲ್ಡ್. ಅಂತಿಮ ಉತ್ಪನ್ನಗಳಲ್ಲಿ ತಾನು ಕಾಣಿಸಿಕೊಳ್ಳದೆ ಕ್ರಿಯೆಯ ವೇಗವನ್ನು ಮಾರ್ಪಡಿಸುವ ವಸ್ತುವೇ ವೇಗವರ್ಧಕ ಎಂಬುದು ಅವನ ಅಭಿಪ್ರಾಯದ ಸಾರ. 1909ರ ನೊಬೆಲ್ ಪಾರಿತೋಷಕವೂ ಅವನಿಗೆ ಸಂದಿತು. ಆಸ್ಟ್‌ವಾಲ್ಡ್ ಎಚ್ಚರಿಕೆಯ ಮನುಷ್ಯ: ಕೊನೆಯಲ್ಲಿ ಕಾಣಿಸದು ಎಂದನೇ ಹೊರತು ನಡುವೆ ಭಾಗವಹಿಸದು ಎನ್ನಲಿಲ್ಲ. ಆ ಎಚ್ಚರಿಕೆ ಗೈಡುಗಳ ದಾರಿಯಲ್ಲಿ ಎಲ್ಲೋ ಉದುರಿಹೋಗಿ, ನಮ್ಮ ಕೈಗೆ ಬಂದು ತಲಪಿದ ವಾಕ್ಯದಲ್ಲಿ ನಾಲ್ಕು ಬೇರೆಬೇರೆ ಹೇಳಿಕೆಗಳು ಒಂದೇ ಕಟ್ಟಿನಲ್ಲಿ ಸೇರಿಕೊಂಡಿವೆ:

1. ವೇಗವರ್ಧಕವು ಕ್ರಿಯೆಯ ಸಮತೋಲವನ್ನು, ಎಂದರೆ ಅದು ಕಟ್ಟಕಡೆಗೆ ಮುಟ್ಟಬೇಕಾದ ನೆಲೆಯನ್ನು, ಬದಲಿಸಲಾರದು.
2. ಅದು ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ.
3. ಅದು ಬದಲಾಗದೆ, ಹೋದ ಹಾಗೆಯೇ ಹೊರಬರುತ್ತದೆ.
4. ಏನು ಉತ್ಪನ್ನವಾಗಬೇಕೆಂಬುದರಲ್ಲಿ ಅದರ ಮಾತಿಲ್ಲ. ಎಷ್ಟು ಬೇಗ ಎಂಬುದರಲ್ಲಿ ಮಾತ್ರ.

ಮೊದಲನೆಯ ಹೇಳಿಕೆ ಅಚಲವಾದದ್ದು. ಅದನ್ನು ಅಲ್ಲಗಳೆದರೆ ಶೂನ್ಯದಿಂದ ಶಕ್ತಿಯನ್ನು ಹಿಂಡುವ ಯಂತ್ರವನ್ನು ಒಪ್ಪಿಕೊಂಡಂತಾಗುತ್ತದೆ. ಮೆಟಥೆಸಿಸ್‌ನ ಚರಿತ್ರೆಯೇ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಯ ಬ್ಯಾಂಕ್ಸ್ ಮತ್ತು ಬೈಲಿ ಎಂಬವರು ಅಲ್ಯೂಮಿನಾದ ಮೇಲೆ ಹರಡಿದ ಮಾಲಿಬ್ಡಿನಮ್‌ನ ಸನ್ನಿಧಿಯಲ್ಲಿ ಪ್ರೊಪಿಲೀನ್ ಅನಿಲವು ಎಥಿಲೀನ್ ಮತ್ತು ಬ್ಯೂಟೀನ್‌ಗಳಾಗಿ ಮಾರ್ಪಡುವುದನ್ನು 1964ರಲ್ಲಿ ಪ್ರಕಟಿಸಿದರು. ಮೂರು ಇಂಗಾಲಗಳ ಎರಡು ಅಣುಗಳು ಎರಡರದೊಂದು, ನಾಲ್ಕರದೊಂದು ಆಗುವ ಈ ವಿಧಾನದ ಕಾರ್ಖಾನೆ 1966ರಲ್ಲಿ ಕೆನಡಾದಲ್ಲಿ ನಡೆಯತೊಡಗಿ, ಪ್ರೊಪಿಲೀನಿಗೇ ಬೇಡಿಕೆ ಏರಿದಾಗ 1972ರಲ್ಲಿ ನಿಂತುಹೋಯಿತು. ಇಂದು ಅದೇ ಕ್ರಿಯೆಯನ್ನು ಹಿಂದುಮುಂದಾಗಿ ನಡೆಸಿ, ಎಥಿಲೀನ್ ಬ್ಯೂಟೀನ್‌ಗಳಿಂದ ಪ್ರೊಪಿಲೀನನ್ನು ಪಡೆಯುತ್ತಾರೆ. ಎತ್ತ ನಡೆದರೆ ಲಾಭವೆಂಬುದನ್ನು ಮಾರುಕಟ್ಟೆ ಹೇಳಿತು. ಎತ್ತಲಾದರೂ ನಡೆಸುವ ಸಾಮರ್ಥ್ಯ ವೇಗವರ್ಧಕದ್ದು. ಎಲ್ಲಿಯವರೆಗೆ ನಡೆಯಬಹುದೆಂಬ ಗಡಿ ಮಾತ್ರ ಇಬ್ಬರ ಕೈಯಲ್ಲಿಯೂ ಇಲ್ಲ. ಪ್ರಚಲಿತ ನಂಬಿಕೆಗೆ ಇರುವ ಬಲವೆಲ್ಲ ಈ ಮೊದಲನೆಯ ಹೇಳಿಕೆಯಿಂದ ಬಂದದ್ದು. ಉಳಿದ ಮೂರು ಅದರ ನೆರಳಿನಲ್ಲಿ ಮರ್ಯಾದೆ ಪಡೆಯುತ್ತಿವೆ.

ಎರಡನೆಯದನ್ನು ಸ್ವಲ್ಪ ಸಾವಕಾಶವಾಗಿಯೇ ನೋಡಬೇಕು, ಏಕೆಂದರೆ ತಟಸ್ಥತೆಯ ಈ ಕಲ್ಪನೆಯು ಸಾಮಾನ್ಯರನ್ನು ಮಾತ್ರವಲ್ಲದೆ ಒಂದು ಕಾಲಕ್ಕೆ ಪರಿಣತರನ್ನೂ ಆಕರ್ಷಿಸಿತ್ತು. 1967ರ ಸುಮಾರಿಗೆ ಮೆಟಥೆಸಿಸ್ ಹೇಗೆ ನಡೆಯುತ್ತದೆಂಬುದಕ್ಕೆ ಬಹುಮಂದಿ ಒಪ್ಪಿದ್ದ ವಿವರಣೆಯು ಹೀಗಿತ್ತು: ದ್ವಿಬಂಧವುಳ್ಳ ಎರಡು ಅಣುಗಳು ಲೋಹದ ಮೇಲೆ ಜೊತೆಯಾಗಿ ಬಂದು ಕೂತು, ಪರಸ್ಪರ ಅಭಿಮುಖವಾಗಿ ತಮ್ಮ ಅರ್ಧಗಳನ್ನು ಅದಲುಬದಲು ಮಾಡಿಕೊಂಡು ಎದ್ದುಹೋಗುತ್ತವೆ, ಲೋಹವು ಆ ಭೇಟಿಗೆ ಎಡೆಮಾಡಿಕೊಡುತ್ತದೆ, ಬಂಧಗಳನ್ನು ಸಡಿಲಿಸುತ್ತದೆ, ಆದರೆ ಅಣುವಿನ ಯಾವ ತುಂಡೂ ಅದರ ವಶಕ್ಕೆ ಬರುವುದಿಲ್ಲ. ಫ್ರಾನ್ಸಿನ ಪೆಟ್ರೋಲಿಯಂ ಸಂಸ್ಥೆಯಲ್ಲಿದ್ದ ಶೋವ್ಯಾಂ ತನ್ನ ಶಿಷ್ಯ ಎರಿಸ್ಸೋನ್ ಜೊತೆಗೂಡಿ 1971ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಚಿತ್ರವನ್ನು ಬರಿಯ ಎಣಿಕೆಯಿಂದ ಕೆಡವಿತು. ಅವರು ಟಂಗ್‌ಸ್ಟನ್ನಿನ ಸಂಯುಕ್ತವೊಂದನ್ನು ಬಳಸಿ, ಐದು ಇಂಗಾಲಗಳ ಉಂಗುರವಾದ ಸೈಕ್ಲೋಪೆಂಟೀನನ್ನು 2-ಪೆಂಟೀನಿನೊಡನೆ ಬೆರೆಸಿದರು. 2-ಪೆಂಟೀನಿನಲ್ಲಿಯೂ ಐದೇ ಇಂಗಾಲಗಳು, ಆದರೆ ದ್ವಿಬಂಧದ ಒಂದು ಕಡೆಗೆ ಎರಡು, ಮತ್ತೊಂದು ಕಡೆಗೆ ಮೂರು. ಉಂಗುರ ಬಿಚ್ಚಿಕೊಂಡು ಎರಡು ತುದಿಗಳಾದಾಗ ಒಂದೇ ಅಣುವಿನ ಎರಡು ಅರ್ಧಗಳು ಜೋಡಿಯಾಗಿಯೇ ಬಂದು ಸೇರುವುದಾದರೆ, 5ಕ್ಕೆ 2 ಮತ್ತು 3 ಕೂಡಿ ಹತ್ತು ಇಂಗಾಲಗಳ ಉತ್ಪನ್ನವೊಂದೇ ಮೊದಲಲ್ಲಿ ದೊರಕಬೇಕು. ದೊರೆತದ್ದು ಮೂರು: ಒಂಬತ್ತರದು, ಹತ್ತರದು, ಹನ್ನೊಂದರದು, ಅದೂ ಸುಮಾರು 1:2:1ರ ಪ್ರಮಾಣದಲ್ಲಿ, ಎಂದರೆ ಪ್ರತಿ ತುದಿಯೂ ತನಗೆ ಬೇಕಾದ ಅರ್ಧವನ್ನು ಇನ್ನೊಂದು ತುದಿಯನ್ನು ಕೇಳದೆ ಸ್ವತಂತ್ರವಾಗಿ ಪಡೆದರೆ ಬರಬೇಕಾದ ಪ್ರಮಾಣದಲ್ಲಿ. ಇದರಿಂದ ಹೊರಡುವ ತೀರ್ಮಾನ ಒಂದೇ. ಅರ್ಧಗಳು ಒಂದೊಂದಾಗಿ ಹಂಚಿಕೆಯಾಗುತ್ತಿವೆ, ಹಾಗೆ ಹಂಚುವುದಕ್ಕೆ ಅವನ್ನು ಹಿಡಿದುಕೊಂಡಿರುವವರು ಯಾರಾದರೂ ಬೇಕು, ಹಿಡಿದುಕೊಂಡಿರುವುದು ಲೋಹ. ಲೋಹ ಮತ್ತು ಇಂಗಾಲಗಳ ನಡುವೆಯೇ ಒಂದು ದ್ವಿಬಂಧವಿದ್ದು, ಅದು ಆಲ್ಕೀನಿನ, ಎಂದರೆ ದ್ವಿಬಂಧವುಳ್ಳ ಇಂಗಾಲದ ಅಣುವಿನ, ದ್ವಿಬಂಧದೊಡನೆ ಕೂಡಿ, ಲೋಹವೂ ಒಂದು ಮೂಲೆಯಾಗಿರುವ ನಾಲ್ಕು ಮೂಲೆಯ ಉಂಗುರವಾಗಿ, ಮರುಕ್ಷಣದಲ್ಲಿ ಅಡ್ಡಲಾಗಿ ಸೀಳಿ ಹೊಸ ಆಲ್ಕೀನನ್ನು ಹೊರಗೆ ಬಿಡುತ್ತದೆ.

ಇದಕ್ಕೆ ಅಂದೇ ಒಂದು ಆಕ್ಷೇಪ ಬಂದಿತು, ಮತ್ತು ಅದು ಒಳ್ಳೆಯ ಆಕ್ಷೇಪ. 2-ಪೆಂಟೀನ್ ಅಣುಗಳು ಉಂಗುರವನ್ನು ಮುಟ್ಟುವ ಮೊದಲೇ ತಮ್ಮತಮ್ಮೊಳಗೆ ಜೋಡಿಯಾಗಿಯೇ ಅದಲುಬದಲಾಗಿ 2-ಬ್ಯೂಟೀನ್ ಮತ್ತು 3-ಹೆಕ್ಸೀನ್‌ಗಳಾಗಿದ್ದರೆ, ಆಮೇಲೆ ಅವು ಉಂಗುರದೊಡನೆ ಸೇರಿ ಒಂಬತ್ತನ್ನೂ ಹನ್ನೊಂದನ್ನೂ ಕೊಡಬಹುದಲ್ಲವೆ? ಹಾಗಿದ್ದರೆ ಹಳೆಯ ಚಿತ್ರ ಉಳಿದುಕೊಳ್ಳುತ್ತದೆ. 1975ರಲ್ಲಿ ಕಾಟ್ಜ್ ಎಂಬವನು ಎಂಟು ಇಂಗಾಲಗಳ ಉಂಗುರವನ್ನು 2-ಬ್ಯೂಟೀನ್ ಮತ್ತು 4-ಆಕ್ಟೀನ್‌ಗಳ ಮಿಶ್ರಣದೊಡನೆ ಸೇರಿಸಿ, ಹುಟ್ಟುತ್ತಿರುವ ಉತ್ಪನ್ನಗಳ ಪ್ರಮಾಣವನ್ನು ಕಾಲದುದ್ದಕ್ಕೂ ಅಳೆದು, ಆ ರೇಖೆಯನ್ನು ಕ್ರಿಯೆಯ ಆದಿಕ್ಷಣದವರೆಗೆ ಹಿಂದಕ್ಕೆ ಎಳೆದನು. ಮಿಶ್ರಜಾತಿಯ ಹದಿನಾಲ್ಕರ ಉತ್ಪನ್ನವು ಆದಿಯಲ್ಲಿಯೇ ಇತ್ತು, ತಡವಾಗಿ ಬಂದುದಾಗಿರಲಿಲ್ಲ. ಅದೇ ವರ್ಷ ಗ್ರಬ್ಸ್ ಡ್ಯುಟೀರಿಯಂ ಗುರುತಿನ ಅಣುಗಳಿಂದ ಅದೇ ನಿರ್ಣಯಕ್ಕೆ ಬಂದನು. ಪಾರಿತೋಷಕವನ್ನು ಸಾರುವಾಗ ಸ್ಟಾಕ್‌ಹೋಮಿನ ಅಕಾಡೆಮಿಯವರು ಈ ಕ್ರಿಯೆಯನ್ನು ಜೊತೆ ಬದಲಿಸುವ ನೃತ್ಯವೆಂದು ವರ್ಣಿಸಿದರು. ನಮ್ಮವರಿಗೆ ಕೋಲಾಟವೆಂದರೆ ಇನ್ನೂ ಚೆನ್ನಾಗಿ ಒಪ್ಪೀತು, ಆದರೆ ಒಂದು ಷರತ್ತಿನ ಮೇಲೆ: ಲೋಹವನ್ನು ಪಕ್ಕದಲ್ಲಿ ಕುಳಿತು ತಾಳ ಹಾಕುವವನೆಂದು ತಿಳಿಯದೆ, ಪ್ರತಿ ಸುತ್ತಿನಲ್ಲಿಯೂ ಒಬ್ಬನ ಕೋಲಿಗೆ ಕೋಲು ಕೊಟ್ಟು ಇನ್ನೊಬ್ಬನ ಕಡೆಗೆ ತಿರುಗುವ ಆಟಗಾರನೆಂದೇ ಎಣಿಸಬೇಕು.

ಇಷ್ಟಾದ ಮೇಲೂ, ‘ಲೋಹ ಭಾಗವಹಿಸಿದರೇನಂತೆ, ಕೊನೆಗೆ ಲೆಕ್ಕ ಸರಿಹೋಗಿ ಹೋದದ್ದೇ ಹಿಂದಿರುಗುತ್ತದಲ್ಲ’ ಎಂದು ಮೂರನೆಯ ಹೇಳಿಕೆಯನ್ನು ಆಶ್ರಯಿಸುವವರುಂಟು. ಮೆಟಥೆಸಿಸ್‌ನಲ್ಲಿ ಆ ಲೆಕ್ಕವೂ ಸರಿಹೋಗುವುದಿಲ್ಲ. ಗ್ರಬ್ಸ್‌ನ ಹೆಸರಿನಿಂದ 1995ರಿಂದೀಚೆಗೆ ಪ್ರಸಿದ್ಧವಾದ ರುಥೇನಿಯಂ ಸಂಯುಕ್ತವನ್ನು ಸೀಸೆಯಿಂದ ತೆಗೆದು ಪಾತ್ರೆಗೆ ಹಾಕಿದಾಗ ಅದು ಇನ್ನೂ ವೇಗವರ್ಧಕವೇ ಅಲ್ಲ. ತನಗಂಟಿದ ಫಾಸ್ಫೀನ್ ಗುಂಪೊಂದನ್ನು ಕಳಚಿಕೊಂಡ ಮೇಲಷ್ಟೆ ಅದಕ್ಕೆ ಕೆಲಸದ ಶಕ್ತಿ ಬರುವುದು. ಅದು ಹೊತ್ತು ತಂದ ಬೆಂಜಿಲಿಡೀನ್ ಎಂಬ ಇಂಗಾಲದ ಗುಂಪು ಮೊದಲನೆಯ ಸುತ್ತಿನಲ್ಲಿಯೇ ಹೊರಗಿನ ಅಣುವಿನೊಡನೆ ಹೊರಟುಹೋಗಿ, ಅದರ ಸ್ಥಾನಕ್ಕೆ ಆ ಅಣುವಿನ ತುಂಡು ಬರುತ್ತದೆ. ಎಂದರೆ ವೇಗವರ್ಧಕದ ಒಂದಂಶವು, ಲೇಶಮಾತ್ರವೇ ಆದರೂ, ಉತ್ಪನ್ನಗಳಲ್ಲಿ ಸೇರಿಹೋಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಸುತ್ತಿಗೂ ಲೋಹ ಅದೇ, ಅದರ ಇಂಗಾಲ ಬೇರೆ. ಕಡೆಗೊಂದು ದಿನ ಅದಕ್ಕೆ ಮರಣವೂ ಉಂಟು. ಎಥಿಲೀನ್ ಹೊರಬೀಳುವ ಕ್ರಿಯೆಗಳಲ್ಲಿ ಲೋಹದ ಕೈಗೆ ಬರುವ ಮೆಥಿಲಿಡೀನ್ ರೂಪ ಬಹು ದುರ್ಬಲ: ಗ್ರಬ್ಸ್‌ನ ಮೊದಲ ತಲೆಮಾರಿನ ಸಂಯುಕ್ತದಲ್ಲಿ ಅದು 55 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 40 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ, ಎರಡನೆಯ ತಲೆಮಾರಿನದರಲ್ಲಿ ಸುಮಾರು 5 ಗಂಟೆ 40 ನಿಮಿಷಕ್ಕೆ. ಅದನ್ನು ಕೊಲ್ಲುವುದು ಬಹುಮಟ್ಟಿಗೆ ಅದೇ ಮೊದಲು ಕಳಚಿ ಹಾಕಿದ ಫಾಸ್ಫೀನ್ ಎಂಬುದು ಈ ಕಥೆಯ ವ್ಯಂಗ್ಯ. ಆದುದರಿಂದಲೇ ಈ ವಿದ್ಯೆಯವರು ವೇಗವರ್ಧಕವನ್ನು ಅಳೆಯುವಾಗ ವೇಗದಷ್ಟೇ ಆಯುಸ್ಸನ್ನೂ ಎಣಿಸುತ್ತಾರೆ, ಎಂದರೆ ಒಂದು ಅಣು ಸಾಯುವುದರೊಳಗೆ ಎಷ್ಟು ಸುತ್ತು ದುಡಿಯಿತೆಂಬುದನ್ನು. ಬದಲಾಗದೆ ಹೊರಬರುವುದು ನಿಜವಾಗಿದ್ದರೆ ಈ ಎಣಿಕೆಗೆ ಅರ್ಥವೇ ಇರುತ್ತಿರಲಿಲ್ಲ. ಚಿಟಿಕೆಯಷ್ಟು ರುಥೇನಿಯಂ ಒಮ್ಮೆ ಕೊಂಡರೆ ಮೊಮ್ಮಕ್ಕಳ ಕಾಲದವರೆಗೆ ಸಾಕಾಗುತ್ತಿತ್ತು.

ಇನ್ನು ನಾಲ್ಕನೆಯದು, ವಾದದ ತಿರುಳು ಇರುವುದು ಇಲ್ಲಿಯೇ. ಸೈನಿಕ ಹುಳುವಿನ ಗಂಧದ್ರವ್ಯವನ್ನು ಮೆಟಥೆಸಿಸ್‌ನಿಂದ ಕಟ್ಟುವ ದಾರಿಯನ್ನು ಕಾಗದದ ಮೇಲೆ ಬರೆದು ನೋಡೋಣ. ಜಗಳೂರು ಚಳ್ಳಕೆರೆ ಸೀಮೆಯ ಶೇಂಗಾ ಎಣ್ಣೆಯಲ್ಲಿಯೂ ಊರೂರಿನ ಹೊಂಗೆ ಎಣ್ಣೆಯಲ್ಲಿಯೂ ತಳಿಯನ್ನನುಸರಿಸಿ ಹೆಚ್ಚುಕಡಿಮೆ ಅರ್ಧಾಂಶದಷ್ಟಿರುವ ಓಲಿಯಿಕ್ ಆಮ್ಲದಲ್ಲಿ ಹದಿನೆಂಟು ಇಂಗಾಲಗಳು, ಸರಿಯಾಗಿ ನಟ್ಟನಡುವೆ ಒಂದು ದ್ವಿಬಂಧ. ಅದರ ಮೆಥಿಲ್ ಎಸ್ಟರನ್ನು ಎಥಿಲೀನಿನೊಡನೆ ಮೆಟಥೆಸಿಸ್‌ಗೆ ಗುರಿಪಡಿಸಿದರೆ ಒಂಬತ್ತು ಒಂಬತ್ತಾಗಿ ಸೀಳಿ, ತಲಾ ಒಂದು ಇಂಗಾಲವನ್ನು ಎಥಿಲೀನಿನಿಂದ ಪಡೆದು, ಹತ್ತು ಇಂಗಾಲಗಳ ಎರಡು ಸರಪಳಿಗಳಾಗುತ್ತವೆ. ಅವುಗಳಲ್ಲಿ ಆಮ್ಲದ ಕಡೆಯದನ್ನು ಅಪಕರ್ಷಿಸಿ ಅಸಿಟೇಟ್ ಮಾಡಿಕೊಂಡು, ಆರು ಇಂಗಾಲಗಳ 1-ಹೆಕ್ಸೀನಿನೊಡನೆ ಮತ್ತೊಮ್ಮೆ ಮೆಟಥೆಸಿಸ್ ನಡೆಸಿದರೆ, ಹತ್ತು ಮತ್ತು ಆರು ಹದಿನಾರರಲ್ಲಿ ಎರಡು ಇಂಗಾಲಗಳು ಎಥಿಲೀನಾಗಿ ಹಾರಿಹೋಗಿ, ಉಳಿದ ಹದಿನಾಲ್ಕರಲ್ಲಿ ಒಂಬತ್ತನೆಯ ಸ್ಥಾನದಲ್ಲಿ ದ್ವಿಬಂಧ ನಿಲ್ಲುತ್ತದೆ: ಬೇಕಾದ ಸರಪಳಿ ಸಿದ್ಧ. ಆದರೆ ಇದು ಸಿಸ್ಸೋ ಟ್ರಾನ್ಸೋ? ಹಳೆಯ ಬಗೆಯ ವೇಗವರ್ಧಕವನ್ನು ಬಳಸಿ ಕ್ರಿಯೆಯನ್ನು ಅದರ ಪಾಡಿಗೆ ಬಿಟ್ಟರೆ ಸಮತೋಲಕ್ಕೆ ಹತ್ತಿರವಾಗಿ, ಐದರಲ್ಲಿ ಸುಮಾರು ನಾಲ್ಕು ಪಾಲು ಟ್ರಾನ್ಸ್ ಬರುತ್ತದೆ. ಬಲೆಗೆ ಬೇಕಾದ ಸಿಸ್ ಐದರಲ್ಲೊಂದು ಪಾಲು. 2009ರಲ್ಲಿ ಶ್ರಾಕ್ ಮತ್ತು ಹೊವೇಡಾ ಮಾಲಿಬ್ಡಿನಮ್ಮಿನ ಒಂದು ಮಗ್ಗುಲಿಗೆ ಬಹು ದಪ್ಪನಾದ ಆರಿಲಾಕ್ಸೈಡ್ ಗುಂಪನ್ನು ಕೂರಿಸಿ, ನಾಲ್ಕು ಮೂಲೆಯ ಉಂಗುರದಲ್ಲಿ ಆ ಮಗ್ಗುಲಿಗೆ ಯಾವ ತೋಳೂ ಚಾಚದಂತೆ ಮಾಡಿದರು. ತೋಳುಗಳೆಲ್ಲ ಬಿಡುವಿದ್ದ ಇನ್ನೊಂದೇ ಮಗ್ಗುಲಿಗೆ ಸರಿಯಲೇಬೇಕಾಗಿ, ಹೊರಬಿದ್ದ ಅಣು ಸಿಸ್ ಆಯಿತು. 2011ರಲ್ಲಿ ಗ್ರಬ್ಸ್‌ನ ಪ್ರಯೋಗಶಾಲೆಯಿಂದ ರುಥೇನಿಯಂನಲ್ಲಿಯೂ ಅಂಥ ಸಂಯುಕ್ತ ಬಂದಿತು. ಅದೇ ಗುಂಪಿನವರು 2013ರಲ್ಲಿ ಸಿಸ್ ದ್ವಿಬಂಧವುಳ್ಳ ಒಂಬತ್ತು ಪತಂಗಗಂಧಗಳನ್ನು ಈ ಹಾದಿಯಲ್ಲಿ ಸಂಕ್ಷೇಪವಾಗಿ ಕಟ್ಟಿ ತೋರಿಸಿದರು. ಅವವೇ ಎರಡು ಕಚ್ಚಾ ದ್ರವ್ಯಗಳು, ಅದೇ ಕ್ರಿಯೆ, ಬೇರೆ ವೇಗವರ್ಧಕ. ದೊರೆತದ್ದು ಬೇರೆ ವಸ್ತು.

ಇಲ್ಲಿ ಪ್ರತಿವಾದಿಯ ಅತ್ಯಂತ ಬಲವಾದ ಮಾತು ಬರುತ್ತದೆ. ‘ಸಿಸ್ ಹುಟ್ಟುವುದೂ ಒಂದು ಕ್ರಿಯೆ, ಟ್ರಾನ್ಸ್ ಹುಟ್ಟುವುದೂ ಒಂದು ಕ್ರಿಯೆ, ನಿಮ್ಮ ಹೊಸ ವೇಗವರ್ಧಕವು ಒಂದನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ವೇಗಗೊಳಿಸಿತು, ಕಡೆಗೂ ಅದು ಮಾಡಿದ್ದು ವೇಗದ ಕೆಲಸವೆ.’ ಈ ಮಾತನ್ನು ನಾನು ಅಕ್ಷರಶಃ ಒಪ್ಪುತ್ತೇನೆ. ಆದರೆ ಹೀಗೆ ಹೇಳುವವರು ತಮ್ಮ ವಾಕ್ಯದಲ್ಲಿದ್ದ ‘ಮಾತ್ರ’ ಎಂಬುದನ್ನು ಸದ್ದಿಲ್ಲದೆ ಬಿಟ್ಟುಕೊಟ್ಟಿದ್ದಾರೆಂಬುದನ್ನು ಗಮನಿಸಬೇಕು. ವೇಗವನ್ನು ಮಾತ್ರ ಹೆಚ್ಚಿಸುತ್ತದೆ ಎಂಬ ಮಾತಿಗೆ ಅರ್ಥವಿರುವುದು ಹೋಗಬೇಕಾದ ದಾರಿ ಒಂದೇ ಆಗಿ, ಅದು ಮೊದಲೇ ತೆರೆದಿದ್ದಾಗ. ದಾರಿಗಳು ಹಲವಾಗಿದ್ದಲ್ಲಿ ಅವುಗಳ ವೇಗಗಳ ಅಂತರವೇ ಆಯ್ಕೆ. ಆಯ್ಕೆಗೆ ಬೇರೆ ಯಾವ ಸಾಧನವೂ ಅಣುಲೋಕದಲ್ಲಿಲ್ಲ. ಅಂತರವೂ ಬಹಳ ದೊಡ್ಡದಾಗಿರಬೇಕಿಲ್ಲ: ಕೊಠಡಿಯ ಉಷ್ಣತೆಯಲ್ಲಿ 95ಕ್ಕೆ 5ರಂತೆ ಸಿಸ್ ಮೇಲುಗೈಯಾಗಬೇಕಾದರೆ ಎರಡು ದಾರಿಗಳ ಕಣಿವೆಗಳ ಎತ್ತರದಲ್ಲಿ ಮೋಲ್ ಒಂದಕ್ಕೆ ಸುಮಾರು 7.3 ಕಿಲೋಜೂಲ್ ವ್ಯತ್ಯಾಸ ಸಾಕು. ಸೀಳಲ್ಪಡುತ್ತಿರುವ ದ್ವಿಬಂಧದ ಬಲವೋ 600 ಕಿಲೋಜೂಲಿಗೂ ಮೇಲು. ಎಂಬತ್ತರಲ್ಲೊಂದು ಪಾಲಿನ ಪಕ್ಷಪಾತದಿಂದ ಇಪ್ಪತ್ತರಲ್ಲಿ ಹತ್ತೊಂಬತ್ತು ಅಣುಗಳ ಗತಿ ನಿರ್ಧಾರವಾಗುತ್ತದೆ. ಇನ್ನು, ದಾರಿ ಮೊದಲೇ ತೆರೆದಿತ್ತೆಂಬುದಾದರೂ ನಿಜವೆ? ಲೋಹವಿಲ್ಲದೆ ಎರಡು ಆಲ್ಕೀನುಗಳು ಎದುರಾಎದುರಾಗಿ ಕೂಡಿ ಉಂಗುರವಾಗುವುದನ್ನು, ಬೆಳಕಿನ ನೆರವಿಲ್ಲದೆ ಶಾಖವೊಂದರಿಂದಲೇ ಸರಾಗವಾಗಿ ನಡೆಯದಂತೆ, ಎಲೆಕ್ಟ್ರಾನುಗಳ ಸಮಮಿತಿಯ ನಿಯಮವೇ ತಡೆಯುತ್ತದೆ. 1-ಹೆಕ್ಸೀನನ್ನೂ ಆ ಅಸಿಟೇಟನ್ನೂ ಒಂದೇ ಸೀಸೆಯಲ್ಲಿ ಬೆರೆಸಿ ಮನುಷ್ಯನೊಬ್ಬನ ಆಯುಷ್ಯವಿಡೀ ಕಾದರೂ ಗಂಧದ್ರವ್ಯ ಹುಟ್ಟದು. ಸೊನ್ನೆಯನ್ನು ವೇಗಗೊಳಿಸಿತು ಎನ್ನುವುದು ತರ್ಕಕ್ಕೆ ಅಡ್ಡಿಯಿಲ್ಲದ ಮಾತಾದರೂ ವಿವರಣೆಯಾಗಲಾರದು.

ಹಾಗಾದರೆ ಮೊದಲನೆಯ ಹೇಳಿಕೆಯನ್ನು ಒಪ್ಪಿ ನಾಲ್ಕನೆಯದನ್ನು ತಿರಸ್ಕರಿಸುವುದು ಸ್ವವಿರೋಧವಲ್ಲವೆ? ಸಮತೋಲವನ್ನು ಬದಲಿಸಲಾರದ ವಸ್ತುವು ಐದರಲ್ಲೊಂದಿದ್ದ ಸಿಸ್ಸನ್ನು ಇಪ್ಪತ್ತರಲ್ಲಿ ಹತ್ತೊಂಬತ್ತಕ್ಕೆ ಏರಿಸಿದ್ದು ಹೇಗೆ? ಪಾತ್ರೆಯೊಳಗಿನ ಮಿಶ್ರಣವು ಸಮತೋಲವನ್ನು ಇನ್ನೂ ಮುಟ್ಟಿಲ್ಲ ಎಂಬುದೇ ಉತ್ತರ. ಸಿಸ್ಸನ್ನು ಬೇಗ ಕಟ್ಟುವ ವೇಗವರ್ಧಕವು ಸಿಸ್ಸನ್ನು ಬೇಗ ಒಡೆಯಲೂ ಬಲ್ಲದು, ಇದು ತಪ್ಪದ ನಿಯಮ. ದಪ್ಪ ಗುಂಪಿನ ಕಾವಲಿದ್ದರೂ ಆಗೊಮ್ಮೆ ಈಗೊಮ್ಮೆ ಟ್ರಾನ್ಸ್ ನುಸುಳುತ್ತದೆ, ಒಮ್ಮೆ ನುಸುಳಿದ್ದು ಸುಲಭವಾಗಿ ಹಿಂದಿರುಗದು. ಹೀಗಾಗಿ ಬಹುಕಾಲ ಬಿಟ್ಟರೆ ಪ್ರಮಾಣವು ಟ್ರಾನ್ಸ್‌ನ ಕಡೆಗೇ ಜಾರುತ್ತ ಹೋಗುತ್ತದೆ, ಮತ್ತು ಹೊರಬಿದ್ದ ಎಥಿಲೀನು ಪಾತ್ರೆಯಲ್ಲೇ ಉಳಿದರೆ ಕಟ್ಟಿದ್ದು ಮತ್ತೆ ಬಿಚ್ಚಿಕೊಳ್ಳುತ್ತದೆ. ಆದುದರಿಂದ ರಸಾಯನಜ್ಞನು ಎಥಿಲೀನನ್ನು ಹೊರಕ್ಕೆ ಹೋಗಗೊಟ್ಟು, ಸಕಾಲದಲ್ಲಿ ಕ್ರಿಯೆಯನ್ನು ನಿಲ್ಲಿಸುತ್ತಾನೆ. ಎಷ್ಟು ಬೇಗ ಎಂಬ ಪ್ರಶ್ನೆಯೂ ಏನು ಎಂಬ ಪ್ರಶ್ನೆಯೂ ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಅವೆರಡನ್ನೂ ಬೇರೆಬೇರೆ ಖಾನೆಗಳಲ್ಲಿಟ್ಟು, ವೇಗವರ್ಧಕಕ್ಕೆ ಒಂದರ ಕೀಲಿಕೈಯನ್ನು ಮಾತ್ರ ಕೊಟ್ಟದ್ದೇ ಪ್ರಚಲಿತ ವಾಕ್ಯದ ಮೂಲ ದೋಷ.

ಹೊಲದಲ್ಲಿ ನಿಂತವರು ಕೇಳಬಹುದಾದ ಪ್ರಶ್ನೆ ಇನ್ನೊಂದಿದೆ: ಒಂದಿಷ್ಟು ಟ್ರಾನ್ಸ್ ಬೆರೆತರೆ ಪತಂಗಕ್ಕೆ ಏನಾದೀತು? ಎಲ್ಲ ಪತಂಗಗಳ ಪರವಾಗಿ ಒಂದೇ ಉತ್ತರ ಕೊಡುವುದು ಸಾಧ್ಯವಿಲ್ಲ. ಮೆಕ್ಕೆಜೋಳದ ಇನ್ನೊಂದು ಶತ್ರುವಾದ ಯುರೋಪಿನ ಕಾಂಡಕೊರಕದಲ್ಲಿ ಎರಡು ಬಣಗಳಿವೆ; ಎರಡರ ಗಂಧದಲ್ಲಿಯೂ ಇರುವುದು 11-ಟೆಟ್ರಾಡೆಸಿನೈಲ್ ಅಸಿಟೇಟೇ, ಆದರೆ ಒಂದು ಬಣದ ಹೆಣ್ಣು ಸಿಸ್ ಮತ್ತು ಟ್ರಾನ್ಸ್‌ಗಳನ್ನು 97:3ರಂತೆ ಬೆರೆಸುತ್ತದೆ, ಇನ್ನೊಂದರ ಹೆಣ್ಣು 1:99ರಂತೆ, ಮತ್ತು ಒಂದರ ಕರೆಗೆ ಇನ್ನೊಂದರ ಗಂಡು ಸಾಮಾನ್ಯವಾಗಿ ಓಗೊಡುವುದಿಲ್ಲ. ನಮ್ಮ ಸೈನಿಕ ಹುಳುವಿನ ವಿಷಯದಲ್ಲಿ, ಬ್ರೆಜಿಲ್ ದೇಶದ ಪತಂಗಗಳ ಗಂಧದಲ್ಲಿ 7-ಡೋಡೆಸಿನೈಲ್ ಅಸಿಟೇಟಿನ ಟ್ರಾನ್ಸ್ ರೂಪವೂ ಅಲ್ಪಾಂಶವಾಗಿ ಕಂಡುಬಂದಿದೆ; ಆದುದರಿಂದ ಸಿಸ್ ಒಳ್ಳೆಯದು, ಟ್ರಾನ್ಸ್ ಕೆಟ್ಟದ್ದು ಎಂದು ಸಾರಾಸಗಟಾಗಿ ನುಡಿಯುವಂತಿಲ್ಲ. ಬೇಕಾದದ್ದು ಬೇಕಾದ ಪ್ರಮಾಣದಲ್ಲಿ ಇರಬೇಕು, ಆ ಪ್ರಮಾಣವು ತಯಾರಿಸುವವನ ಕೈಯಲ್ಲಿರಬೇಕು. ಐದರಲ್ಲಿ ನಾಲ್ಕು ಪಾಲು ಟ್ರಾನ್ಸ್ ತಾನಾಗಿ ಬಂದು ಕೂತರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೊನ್ನಾಳಿಯ ಅಂಗಡಿಯಲ್ಲಿ ಕೊಂಡ ಲ್ಯೂರು, ಎಂದರೆ ಬಲೆಯ ಗಂಧದ ಬಿರಡೆ, ಮೆಟಥೆಸಿಸ್‌ನಿಂದಲೇ ಬಂದದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಇಂಥ ದ್ರವ್ಯಗಳನ್ನು ತ್ರಿಬಂಧದ ಸರಪಳಿ ಕಟ್ಟಿ, ಸೀಸದಿಂದ ಬೇಕೆಂದೇ ಮಂದಗೊಳಿಸಿದ ಪಲ್ಲೇಡಿಯಂನ ಮೇಲೆ ಹೈಡ್ರೋಜನ್ ಹಾಯಿಸಿ ಸಿಸ್ ದ್ವಿಬಂಧಕ್ಕೆ ತಂದು ನಿಲ್ಲಿಸುವ ಲಿಂಡ್ಲಾರ್ ವಿಧಾನವೂ ಹಿಂದಿನಿಂದ ಬಳಕೆಯಲ್ಲಿದೆ. ಅದೂ ನನ್ನ ವಾದಕ್ಕೇ ಪುಷ್ಟಿ: ಅಲ್ಲಿ ವೇಗವರ್ಧಕವನ್ನು ಬೇಕೆಂದೇ ನಿಧಾನ ಮಾಡಿದ್ದಾರೆ, ಏಕೆಂದರೆ ವೇಗ ಹೆಚ್ಚಾದರೆ ಅದು ಬೇಕಾದ ನೆಲೆಯಲ್ಲಿ ನಿಲ್ಲದೆ ಮುಂದಕ್ಕೆ ಹೋಗಿಬಿಡುತ್ತದೆ. ವೇಗವನ್ನು ಹೆಚ್ಚಿಸುವುದೇ ಧರ್ಮವೆನಿಸಿದ ವಸ್ತುವಿಗೆ ವಿಷವುಣಿಸಿ ಅದರಿಂದ ಉತ್ತಮ ಕೆಲಸ ಪಡೆಯುವುದನ್ನು ನಮ್ಮ ಬಾಯಿಪಾಠದ ವಾಕ್ಯ ಹೇಗೆ ಅರ್ಥೈಸೀತು?

ಬಲೆಯ ವಿಷಯದಲ್ಲಿ ಅತ್ಯಾಸೆ ಬೇಡವೆಂಬುದನ್ನೂ ಹೇಳಿಬಿಡಬೇಕು. ಬಲೆಗೆ ಬೀಳುವುದು ಗಂಡು ಪತಂಗ. ಮೊಟ್ಟೆಯಿಡುವ ಹೆಣ್ಣು ಹೊಲದಲ್ಲಿಯೇ ಇರುತ್ತದೆ. ಎಕರೆಗೆ ಐದು ಬಲೆ ಕಾಲವನ್ನು ಸೂಚಿಸುತ್ತವೆ, ರೋಗವನ್ನು ವಾಸಿಮಾಡುವುದಿಲ್ಲ. ಹೊಲದ ತುಂಬ ಗಂಧವನ್ನು ಹರಡಿ ಗಂಡಿಗೆ ಹೆಣ್ಣಿನ ದಿಕ್ಕು ತಿಳಿಯದಂತೆ ಮಾಡುವ ವಿಧಾನವುಂಟು. ಅದಕ್ಕೆ ಮಿಲಿಗ್ರಾಂ ಸಾಲದೆ ಗ್ರಾಂಗಳ ಲೆಕ್ಕದಲ್ಲಿ ದ್ರವ್ಯ ಬೇಕಾಗಿ, ಸೇಬಿನ ತೋಟಕ್ಕೆ ತಾಳುವ ಬೆಲೆ ಮೆಕ್ಕೆಜೋಳಕ್ಕೆ ತಾಳುವುದಿಲ್ಲ. ಈ ಬೆಲೆಯನ್ನು ಇಳಿಸುವ ಪ್ರಯತ್ನದಲ್ಲಿ ವೇಗಕ್ಕಿಂತ ಮುಖ್ಯವಾಗುವುದು ಮೇಲೆ ಹೇಳಿದ ಆಯ್ಕೆ ಮತ್ತು ಆಯುಸ್ಸು. ಓಲಿಯಿಕ್ ಎಸ್ಟರನ್ನು ಎಥಿಲೀನಿನಿಂದ ಸೀಳುವ ಕ್ರಿಯೆಯಲ್ಲಿ ಬರ್ಟ್ರಾಂಡ್ ಮತ್ತು ಗ್ರಬ್ಸ್ ಗುಂಪಿನವರು 2015ರಲ್ಲಿ ಕಾರ್ಬೀನ್ ಎಂಬ ಇಂಗಾಲದ ಗುಂಪಿನ ಹೊಸ ಬಗೆಯೊಂದನ್ನು ತೊಡಿಸಿದ ರುಥೇನಿಯಂನಿಂದ, ಹತ್ತು ಲಕ್ಷ ಅಣುಗಳಿಗೆ ಒಂದರಂತೆ ಬಳಸಿದಾಗಲೂ, 3,40,000 ಸುತ್ತುಗಳ ದುಡಿಮೆಯನ್ನು ಪಡೆದರು. ಎಷ್ಟೇ ದುಡಿದರೂ ಕೊನೆಗೆ ಸತ್ತ ಲೋಹವು ಉತ್ಪನ್ನದಲ್ಲಿ ಲೇಶವಾಗಿ ಉಳಿಯುತ್ತದೆ, ಅದನ್ನು ತೊಳೆದು ತೆಗೆಯುವುದಕ್ಕೆ ಬೇರೆ ಖರ್ಚು ತಗಲುತ್ತದೆ. ತಟಸ್ಥನಾಗಿ ಬಂದು ತಟಸ್ಥನಾಗಿ ಹೋಗುವವನಿಗೆ ಇಂಥ ಉಪಚಾರ ಬೇಕಾಗುವುದಿಲ್ಲ.

ಕಡೆಯ ಆಕ್ಷೇಪ ಉಪಾಧ್ಯಾಯರದು. ಹತ್ತನೆಯ ತರಗತಿಯ ಮಕ್ಕಳಿಗೆ ಕಾರ್ಬೀನು, ನಾಲ್ಕು ಮೂಲೆಯ ಉಂಗುರ, ಸಮಮಿತಿ ಇವನ್ನೆಲ್ಲ ಹೇಳುವುದು ಸಾಧ್ಯವೆ, ಸರಳೀಕರಣವಿಲ್ಲದೆ ಪಾಠವುಂಟೆ ಎಂದು ಅವರು ಕೇಳಿದರೆ ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಸರಳೀಕರಣವು ಸತ್ಯದ ಕೆಲವಂಶವನ್ನು ಬಿಟ್ಟು ಹೇಳಬೇಕು. ಇಲ್ಲದ್ದನ್ನು ಸೇರಿಸಿ ಹೇಳಬಾರದು. ‘ಭಾಗವಹಿಸದೆ’ ಎಂಬುದು ಸೇರಿಸಿದ ಮಾತು, ‘ಮಾತ್ರ’ ಎಂಬುದೂ ಸೇರಿಸಿದ ಮಾತೆ. ಎರಡನ್ನೂ ಹೊಡೆದುಹಾಕಿದರೆ ವಾಕ್ಯ ಇನ್ನೂ ಚಿಕ್ಕದಾಗುತ್ತದೆ, ಮಕ್ಕಳಿಗೆ ಬರೆಯುವ ಶ್ರಮವೂ ಅಷ್ಟರಮಟ್ಟಿಗೆ ತಪ್ಪುತ್ತದೆ. ಶೋವ್ಯಾಂನ ಒಂಬತ್ತು, ಹತ್ತು, ಹನ್ನೊಂದರ ಲೆಕ್ಕಕ್ಕಾದರೋ ಕೂಡುವುದನ್ನು ಬಲ್ಲ ಯಾವ ಹುಡುಗನಾದರೂ ಸಾಕು. ಅದನ್ನು ಜಗಳೂರಿನ ಶಾಲೆಯ ಕರಿಹಲಗೆಯ ಮೇಲೆ ಕಾಲು ಗಂಟೆಯಲ್ಲಿ ಬರೆದು ತೋರಿಸಬಹುದು.